ಅವರ ಮಾತು ಅವರೇ ಹೇಳಲಿ

ಓದು ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ತಮಿಳುನಾಡಿನ ಕಂಬಂ ಕಣಿವೆಯ ಒಂದು ಸಣ್ಣ ಕಣ್ಣಿನ ಕೇಂದ್ರಕ್ಕೆ. ಗೊಬ್ಬರದಂಗಡಿಯ ಮಹಡಿ ಮೇಲೆ ಎರಡು ಕೋಣೆ. ಅಲ್ಲಿ ಡಾಕ್ಟರ್ ಇರಲಿಲ್ಲ. ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವುದು, ಕಾಯಿಲೆಯ ಸುಳಿವು ಕಂಡರೆ ದಿಂಡಿಗಲ್ಲಿನ ಕಣ್ಣಿನ ಡಾಕ್ಟರ್ ಹತ್ತಿರ ಕಳಿಸುವುದು, ಇಷ್ಟು ನಮ್ಮ ಕೆಲಸ. ಆಪ್ಟೋಮೆಟ್ರಿಸ್ಟ್ ಅನ್ನುವ ಮಾತಿಗೆ ಊರಲ್ಲಿ ಯಾರ ನಾಲಿಗೆಯೂ ಹೊರಳುತ್ತಿರಲಿಲ್ಲ. ಎಲ್ಲರಿಗೂ ನಾವು ‘ಕಣ್ಣಾಡಿ ಅಕ್ಕ’ಗಳು, ಅಂದರೆ ಕನ್ನಡಕದ ಅಕ್ಕಗಳು.

ನಿಜವಾದ ಕಣ್ಣಾಡಿ ಅಕ್ಕ ನನಗಿಂತ ಬಹಳ ಹಿರಿಯರು. ದಿಂಡಿಗಲ್ಲಿನ ತಮಿಳು ಮನೆಯವರು. ನಮ್ಮ ಕಡೆ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ ಆಡುವ ಜನವೇ ಹೆಚ್ಚು ಅಂತ, ಬಂದವರ ಬಾಯಿಂದಲೇ ಒಂದಷ್ಟು ಕನ್ನಡ ಕಲಿತಿದ್ದರು. ‘ಇದು ನಲ್ಲದಾ, ಅದು ನಲ್ಲದಾ?’ ಅಂತ, ಯಾವುದು ಚೆನ್ನಾಗಿ ಕಾಣ್ತದೆ ಅನ್ನುವುದನ್ನು ಅರ್ಧ ತಮಿಳು ಸೇರಿಸಿ ಗಾಜು ಬದಲಿಸುತ್ತಾ ಕೇಳಿದರೆ ಮುದುಕಿಯರಿಗೆ ಅದೇ ಸಂತೋಷ.

ಒಂದು ಮಧ್ಯಾಹ್ನ ಓಡೈಪಟ್ಟಿ ಕಡೆಯ ಜೀಪ್ ಡ್ರೈವರ್ ಒಬ್ಬರು ಹೆಂಡತಿ ಜೊತೆ ಬಂದರು. ನನಗೆ ಗುರುತಿನವರೇ, ಚಿಕ್ಕಂದಿನಿಂದ ಮಾವ ಅಂತ ಕರೆದು ರೂಢಿ. ಕೇರಳದ ಗಡಿ ದಾಟಿ ಬೆಟ್ಟದ ಮೇಲಿರುವ ಏಲಕ್ಕಿ ತೋಟಗಳಿಗೆ ದಿನಾ ಬೆಳಗಿನ ಜಾವ ಕೆಲಸದ ಹೆಂಗಸರನ್ನು ಕರೆದೊಯ್ದು ಸಂಜೆ ಇಳಿಸಿಕೊಂಡು ಬರುವುದು ಅವರ ಕೆಲಸ. ನಮ್ಮ ಮನೆಯಲ್ಲೇ ಇದ್ದ ನನ್ನ ಚಿಕ್ಕಮ್ಮನೂ ಅದೇ ಜೀಪಿನಲ್ಲಿ ಹೋಗುತ್ತಿದ್ದಳು.

ಮಾವನಿಗೆ ಬೇಕಾಗಿದ್ದದ್ದು ಓದುವ ಕನ್ನಡಕ ಅಷ್ಟೇ. ಪೇಪರ್ ಅಕ್ಷರ ಮಸುಕು ಅಂದರು. ದೂರದ ಅಕ್ಷರಗಳನ್ನು ತಡವರಿಸದೆ ಓದಿದರು. ನಾನು ಕನ್ನಡಕದ ನಂಬರ್ ನೋಡಿ ಮುಗಿಸಿದೆ. ಕಣ್ಣಿನ ಒತ್ತಡ ಅಳೆದಾಗ ಹೆಚ್ಚು ಬಂತು. ಅಕ್ಕನನ್ನು ಕರೆದೆ. ಅವರು ಇನ್ನೊಮ್ಮೆ ಅಳೆದರು, ದೀಪ ಹಾಕಿ ಕಣ್ಣಿನ ಹಿಂಬದಿಯ ನರ ನೋಡಿದರು. ಆಮೇಲೆ ಎದುರಿಗೆ ಕೂತು, ‘ನನ್ನ ಮೂಗನ್ನೇ ನೋಡ್ತಾ ಇರಿ ಅಣ್ಣಾ, ಬೆರಳು ಆಡೋದು ಕಂಡಾಗ ಹೇಳಿ’ ಅಂತ ಎರಡೂ ಕೈ ಅಗಲಿಸಿದರು. ಬೆರಳುಗಳು ಪಕ್ಕದಿಂದ ಮುಂದಕ್ಕೆ, ಇನ್ನೂ ಮುಂದಕ್ಕೆ ಬಂದವು. ಮಾವ ಮೂಗನ್ನೇ ನೋಡುತ್ತಾ ಸುಮ್ಮನೆ ಕೂತಿದ್ದರು. ಅಕ್ಕನ ಬೆರಳುಗಳು ಅವರ ಮುಖದ ಹತ್ತಿರ ಬರುವವರೆಗೂ ಅವರಿಗೆ ಕಾಣಲಿಲ್ಲ.

ಅಕ್ಕ ಬಾಗಿಲು ಹಾಕಿದರು. ಹೆಂಡತಿ ಹೊರಗೆ ಬೆಂಚಿನ ಮೇಲಿದ್ದರು.

‘ಅಣ್ಣಾ, ಇದು ಯಾವ ಕಾಯಿಲೆ ಅಂತ ಹೇಳಬೇಕಾದವರು ಡಾಕ್ಟರ್. ನಾನು ಕಂಡದ್ದನ್ನ ಮಾತ್ರ ಹೇಳ್ತೀನಿ. ಒತ್ತಡ ಜಾಸ್ತಿ ಇದೆ, ಪಕ್ಕದ ನೋಟ ತುಂಬಾ ಕಮ್ಮಿಯಾಗಿದೆ. ನಾಳೆಯೇ ದಿಂಡಿಗಲ್‌ಗೆ ಹೋಗಬೇಕು. ಡಾಕ್ಟರ್ ನೋಡೋವರೆಗೂ ವಂಡಿ ಓಡಿಸಬಾರದು.’

ಅಲ್ಲಿಯವರೆಗೆ ತಮಿಳಿನಲ್ಲೇ ಮಾತಾಡುತ್ತಿದ್ದ ಮಾವ ನನ್ನ ಕಡೆ ತಿರುಗಿ ಮನೆ ಮಾತು ಕನ್ನಡದಲ್ಲಿ ಕೇಳಿದರು. ‘ಏನವ್ವಾ ಅಂತಾರೆ ಇವರು? ನನಗೆ ರಸ್ತೆ ಚೆನ್ನಾಗೇ ಕಾಣ್ತದಲ್ಲ.’

‘ಎದುರಿಗಿರೋದು ಕಾಣ್ತದೆ ಮಾವ, ಪಕ್ಕದ್ದು ಕಾಣ್ತಿಲ್ಲ’ ಅಂದೆ.

ಅವರು ತಮ್ಮ ಎರಡೂ ಕೈ ಅಗಲಿಸಿ ಬೆರಳಾಡಿಸಿ ತಾವೇ ನೋಡಿಕೊಂಡರು. ಆಮೇಲೆ, ಬೈಕಿನ ಹುಡುಗರು ಯಾಕೆ ಯಾವಾಗಲೂ ಎಲ್ಲಿಂದಲೋ ಉದುರಿದ ಹಾಗೆ ಬರ್ತಾರೆ ಅಂತ ಅಂದುಕೊಳ್ಳುತ್ತಿದ್ದೆ ಅಂದರು. ಜೀಪಿನ ಎಡಮಗ್ಗುಲು ಘಾಟಿಯ ತಡೆಗೋಡೆಗೆ ಉಜ್ಜಿದ್ದನ್ನೂ ತಾವಾಗಿಯೇ ಹೇಳಿದರು. ಕೊನೆಗೆ ನನಗೆ, ‘ನಿನ್ನ ಚಿಕ್ಕಿಗೆ ಹೇಳಬ್ಯಾಡ ಮಗಾ. ಹೊರಗೆ ಕೂತವಳಿಗೂ ಬ್ಯಾಡ’ ಅಂದರು.

ನಾನು ಅಕ್ಕನ ಮುಖ ನೋಡಿದೆ. ಅವರಿಗೆ ಮಾತು ಅರ್ಥವಾಗಿತ್ತು.

‘ನಾವಿಬ್ಬರೂ ಯಾರಿಗೂ ಹೇಳಲ್ಲ’ ಅಂದರು ಅಕ್ಕ. ‘ಡಾಕ್ಟರ್‌ಗೆ ಮಾತ್ರ ಹೇಳಬೇಕು, ನೀವು ಒಪ್ಪಿದರೆ ಈಗಲೇ ನಿಮ್ಮ ಮುಂದೆಯೇ ಫೋನ್ ಮಾಡ್ತೀನಿ. ಆದರೆ ಒಂದು ಮಾತು ಅಣ್ಣಾ. ನೀವು ನಾಳೆ ಆ ಹೆಂಗಸರನ್ನ ಕೂರಿಸಿಕೊಂಡು ಬೆಟ್ಟ ಹತ್ತಿದರೆ ನಾನು ಸುಮ್ಮನಿರೋದಕ್ಕೆ ಆಗಲ್ಲ. ಏನು ಮಾಡಬೇಕು ಅಂತ ಡಾಕ್ಟರನ್ನ ಕೇಳಿ ಮಾಡ್ತೀನಿ. ಏನೇ ಮಾಡಿದರೂ ಮೊದಲು ನಿಮಗೆ ಹೇಳಿ ಮಾಡ್ತೀನಿ, ಬೆನ್ನ ಹಿಂದೆ ಮಾಡಲ್ಲ.’

ಹೆದರಿಸುವ ದನಿ ಅದಾಗಿರಲಿಲ್ಲ. ಮಾವ ‘ಆಗಲಿ, ನಾಳೆ ಓಡಿಸಲ್ಲ’ ಅಂತ ತಲೆಯಾಡಿಸಿದರು. ಫೋನಿನಲ್ಲಿ ಅಕ್ಕ ಡಾಕ್ಟರಿಗೆ ಬೇಕಾದ ನಾಲ್ಕು ಮಾತು ಮಾತ್ರ ಆಡಿದರು. ಮಾವನ ಸಂಸಾರ, ಸಂಪಾದನೆ ಒಂದೂ ಅದರಲ್ಲಿ ಬರಲಿಲ್ಲ. ಹೊರಗೆ ಬಂದಾಗ ಹೆಂಡತಿ ಎದ್ದು, ‘ಏನಮ್ಮಾ, ಕನ್ನಡಕ ಸಾಕಾ?’ ಅಂತ ಕೇಳಿದರು. ‘ದಿಂಡಿಗಲ್‌ನಲ್ಲಿ ಒಂದು ಸಲ ತೋರಿಸಬೇಕು. ಮಿಕ್ಕಿದ್ದು ಅಣ್ಣನೇ ಹೇಳ್ತಾರೆ. ಆಮೇಲೆ ಇಬ್ಬರೂ ಜೊತೆಯಾಗಿ ಬಂದರೆ ಎಲ್ಲಾ ವಿವರಿಸ್ತೀನಿ’ ಅಂದರು ಅಕ್ಕ. ಸುಳ್ಳು ಹೇಳಲಿಲ್ಲ, ಹೇಳಬಾರದ್ದನ್ನೂ ಹೇಳಲಿಲ್ಲ.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ‘ಅಕ್ಕಾ, ನನ್ನ ಚಿಕ್ಕಮ್ಮ ಆ ಜೀಪಿನಲ್ಲೇ ಹೋಗ್ತಾಳೆ’ ಅಂದೆ.

‘ಗೊತ್ತು. ಅದರಲ್ಲಿ ಇನ್ನೂ ಎಷ್ಟೋ ಜನರ ಚಿಕ್ಕಮ್ಮಂದಿರು ಹೋಗ್ತಾರೆ. ನೀನು ಒಬ್ಬಳನ್ನ ಮನೆಯಲ್ಲಿ ನಿಲ್ಲಿಸಿಕೊಂಡರೆ ಮಿಕ್ಕವರಿಗೆ ಏನು ಸಿಕ್ಕ ಹಾಗಾಯ್ತು? ಅವರು ಮಾತು ಕೊಟ್ಟಿದಾರೆ. ನಾಳೆ ಬೆಳಿಗ್ಗೆ ನಾನೇ ಜೀಪ್ ಸ್ಟ್ಯಾಂಡಿಗೆ ಬರ್ತೀನಿ.’

ಆ ಸಂಜೆ ಚಿಕ್ಕಮ್ಮ ಅನ್ನ ಬಡಿಸುತ್ತಾ ಏಲಕ್ಕಿ ತೋಟದ ಮೇಸ್ತ್ರಿಯ ಕಥೆ ಹೇಳುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಏನು ತಿಂದೆನೋ ನನಗೆ ಗೊತ್ತಾಗಲಿಲ್ಲ.

ಬೆಳಗಾಗುವ ಮೊದಲೇ ಸ್ಟ್ಯಾಂಡಿಗೆ ಹೋದೆ. ಟೀ ಅಂಗಡಿಯ ಬೆಂಚಿನ ಮೇಲೆ ಅಕ್ಕ ಕೂತಿದ್ದರು, ಕೈಯಲ್ಲಿ ಟೀ ಲೋಟ. ಮೊದಲ ಬಸ್ಸಿಗೆ ಬಂದಿದ್ದರಂತೆ. ಹೆಂಗಸರು ತಲೆಗೆ ಟವಲ್ ಸುತ್ತಿ, ಊಟದ ಡಬ್ಬಿ ಹಿಡಿದು ಒಬ್ಬೊಬ್ಬರೇ ಬಂದರು. ಕೆಲವರು, ‘ಏನಕ್ಕಾ ಇಷ್ಟು ಬೇಗ?’ ಅಂದರು. ‘ನಿಮ್ಮೂರ ಟೀ ಚೆನ್ನಾಗಿದೆ ಅಂದರಲ್ಲ, ನೋಡೋಣ ಅಂತ’ ಅಂದರು ಅಕ್ಕ. ನನ್ನ ಚಿಕ್ಕಮ್ಮನೂ ಬಂದಳು, ನನ್ನನ್ನು ಕಂಡು ಹುಬ್ಬೇರಿಸಿ ಹೋಗಿ ಜೀಪಿನಲ್ಲಿ ಕೂತಳು.

ಮಾವ ಬಂದರು. ತೊಳೆದ ಬಿಳಿ ಪಂಚೆ, ಅಂಗಿ, ದಿಂಡಿಗಲ್‌ಗೆ ಹೊರಟ ವೇಷ. ಜೊತೆಗೆ ಇನ್ನೊಬ್ಬ ಡ್ರೈವರ್. ಬೀಗದಕೈಯನ್ನು ಅವನ ಕೈಗಿಟ್ಟು, ‘ಮೂರನೇ ತಿರುವಿನಲ್ಲಿ ಮೆಲ್ಲಗೆ ಹೋಗು, ಕಲ್ಲು ಉರುಳಿರ್ತದೆ’ ಅಂದರು. ಹೆಂಗಸರಿಗೆ, ದಿಂಡಿಗಲ್‌ನಲ್ಲಿ ಕೆಲಸ ಇದೆ ಅಂತ ಹೇಳಿದರು. ಜೀಪ್ ಹೊರಟಿತು. ಆಗ ಬೆಂಚಿನ ಮೇಲೆ ಕೂತಿದ್ದ ಅಕ್ಕನನ್ನು ನೋಡಿದರು. ಮಾವ ಕೈ ಎತ್ತಿ ಮುಗಿದು ಬಸ್ಸಿನ ಕಡೆ ನಡೆದರು. ಅಲ್ಲಿ ಹೆಂಡತಿ ಕಾಯುತ್ತಿದ್ದರು. ಪೆರಿಯಕುಳಂ ದಾಟುವಾಗ ಬಸ್ಸಿನಲ್ಲೇ ಮಾವ ಎಲ್ಲಾ ಹೇಳಿದರು ಅಂತ ಅವರ ಹೆಂಡತಿ ಆಮೇಲೆ ನನಗೆ ತಿಳಿಸಿದರು.

ಡಾಕ್ಟರ್ ನೋಡಿ ಅದು ಗ್ಲಾಕೋಮಾ ಅಂದರು. ಹೋದ ನೋಟ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ದಿನವೂ ಕಣ್ಣಿಗೆ ಮದ್ದು ಬಿಡಬೇಕು, ಡ್ರೈವರ್ ಕೆಲಸ ಬೇಡ. ಪ್ರತಿ ಸಲ ಅಷ್ಟು ದೂರ ಬರಬೇಕಾಗಿಲ್ಲ, ಒತ್ತಡ ಅಳೆಯುವುದು ನಮ್ಮ ಕೇಂದ್ರದಲ್ಲೇ ಆಗಲಿ, ಏರಿದರೆ ತಮಗೆ ತಿಳಿಸಲಿ ಅಂತ ಡಾಕ್ಟರ್ ಅಕ್ಕನ ಜೊತೆ ಮಾತಾಡಿಕೊಂಡರು. ದೊಡ್ಡ ಆಸ್ಪತ್ರೆಯ ಡಾಕ್ಟರ್ ಗೊಬ್ಬರದಂಗಡಿ ಮಹಡಿಯ ಅಕ್ಕನನ್ನು ‘ನಿಮಗೆ ಏನನ್ನಿಸ್ತದೆ?’ ಅಂತ ಕೇಳುತ್ತಿದ್ದದ್ದು, ಅಕ್ಕ ತಮ್ಮ ಕೆಲಸದ ಎಲ್ಲೆ ಎಲ್ಲಿ ಮುಗಿಯುತ್ತದೆ ಅಂತ ತಿಳಿದು, ‘ಅದನ್ನ ನೀವೇ ನಿರ್ಧರಿಸಬೇಕು ಡಾಕ್ಟರ್’ ಅನ್ನುತ್ತಿದ್ದದ್ದು, ಎರಡೂ ನನಗೆ ಇಷ್ಟವಾಗುತ್ತಿದ್ದವು.

ಕೆಲವು ದಿನಕ್ಕೆ ಜೀಪಿನ ಯಜಮಾನರು ಒಂದು ಬುಟ್ಟಿ ನಮ್ಮ ಕಣಿವೆಯ ಪನ್ನೀರ್ ದ್ರಾಕ್ಷಿ ಹಿಡಿದು ಮಹಡಿ ಹತ್ತಿದರು. ಮಾವನಿಗೆ ಏನಾಗಿದೆ, ಮತ್ತೆ ಓಡಿಸ್ತಾರಾ ಅಂತ ಕೇಳಿದರು. ನನ್ನ ಜೀಪು, ನನಗೆ ತಿಳೀಬೇಡವಾ ಅಂದರು.

‘ಅವರನ್ನೇ ಕೇಳಿ ಅಣ್ಣಾ’ ಅಂದರು ಅಕ್ಕ. ‘ಅವರ ವಿಷಯ ನಿಮಗೆ ಹೇಳಿದರೆ, ನಾಳೆ ನೀವು ಇದೇ ಕುರ್ಚಿಯಲ್ಲಿ ಕೂತಾಗ, ನನ್ನ ವಿಷಯ ಇವಳು ಯಾರಿಗೆ ಹೇಳ್ತಾಳೋ ಅಂತ ನಿಮಗೆ ಅನ್ನಿಸಲ್ವಾ?’

ಯಜಮಾನರ ಮುಖ ಬಿಗಿಯಿತು. ಬುಟ್ಟಿಯನ್ನು ಅಕ್ಕ ನಗುತ್ತಲೇ ವಾಪಸ್ ಕೊಟ್ಟರು. ಆ ಮನುಷ್ಯ ನೇರ ಮಾವನ ಮನೆಗೆ ಹೋದರಂತೆ. ಮಾವ ಅವತ್ತು ಎಲ್ಲಾ ಹೇಳಿಬಿಟ್ಟರು. ಯಜಮಾನರಿಗೆ ಇದ್ದದ್ದು ಮೂರು ಜೀಪು. ಯಾರು ಯಾವ ತೋಟಕ್ಕೆ, ಯಾವ ಜೀಪಿಗೆ ಎಷ್ಟು ಜನ ಅಂತ ಸ್ಟ್ಯಾಂಡಿನಲ್ಲಿ ನಿಂತು ನೋಡಿಕೊಳ್ಳುವ ಕೆಲಸ ಮಾವನಿಗೆ ಕೊಟ್ಟರು. ಒಂದೊಂದು ಜೀಪಿಗೆ ಜನ ತುರುಕುವುದು ಮಾವನ ಕಾಲದಲ್ಲಿ ನಿಂತುಹೋಯಿತು.

ಅದಾದ ಮೇಲೆ ಒಂದು ಭಾನುವಾರ ಚಿಕ್ಕಮ್ಮ ಏದುಸಿರು ಬಿಡುತ್ತಾ ಬಂದಳು. ಮಾವ ಎಲ್ಲಾ ಹೆಂಗಸರನ್ನೂ ನಿಲ್ಲಿಸಿ ತಮ್ಮ ಕಣ್ಣಿನ ಕಥೆ ಹೇಳಿದರಂತೆ. ನೋವಿಲ್ಲದೆ ಬರುವ ಕಾಯಿಲೆ, ಮನೆಯಲ್ಲಿ ಒಬ್ಬರಿಗಿದ್ದರೆ ಮಿಕ್ಕವರೂ ನೋಡಿಸಬೇಕು ಅಂದರಂತೆ. ಅವಳು ಕೈ ಆಡಿಸಿ ಆಡಿಸಿ ಹೇಳಿದಳು. ನಾನು ಮೊದಲ ಸಲ ಕೇಳುವವಳ ಹಾಗೆ ಕೇಳಿದೆ. ನಡುವೆ ಅವಳು ಮಾತು ನಿಲ್ಲಿಸಿ ನನ್ನನ್ನೇ ನೋಡಿದಳು.

‘ನಿನಗೆ ಮೊದಲೇ ಗೊತ್ತಿತ್ತಾ?’

‘ನಮ್ಮಲ್ಲಿಗೆ ಬಂದವರ ಮಾತು ನಾನು ಆಡೋಹಂಗಿಲ್ಲ ಚಿಕ್ಕಿ.’

ಬಯ್ಯುತ್ತಾಳೆ ಅಂದುಕೊಂಡೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ‘ಹಂಗಾದರೆ ನಾನೂ ಬತ್ತೀನಿ, ನನ್ನ ಕಣ್ಣೂ ನೋಡಿಸು. ನಿಮ್ಮಪ್ಪಂಗೆ ಹೇಳಬ್ಯಾಡ’ ಅಂದಳು. ಅವಳ ಕಣ್ಣು ಚೆನ್ನಾಗಿಯೇ ಇತ್ತು. ಅವಳೇ ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಳು, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮಾವನನ್ನೂ ಕೇಳಿಯೇ ಬರೆದದ್ದು. ಹೆಸರು ಬೇಡ, ಮಿಕ್ಕಿದ್ದೆಲ್ಲ ಬರಿ ಅಂದರು.

ಅಕ್ಕ ಈಗ ದಿಂಡಿಗಲ್‌ನಲ್ಲಿ ನನ್ನಂಥ ಹೊಸಬರಿಗೆ ಕಲಿಸುತ್ತಾರೆ. ಮಾವನ ಕಣ್ಣಿನ ಒತ್ತಡ ಈಗ ನಾನೇ ಅಳೆಯುತ್ತೇನೆ. ಹೋದ ವಾರ ಬಂದಾಗ ಅದು ಹದವಾಗಿತ್ತು. ಹನುಮಂತನಪಟ್ಟಿಯಲ್ಲಿರುವ ತಮ್ಮನನ್ನೂ ಜೊತೆಗೆ ಕರೆತಂದಿದ್ದರು. ತಮ್ಮನನ್ನು ಒಳಗೆ ಕರೆದಾಗ ಮಾವ ತಾವಾಗಿಯೇ ಎದ್ದು ಹೊರಗಿನ ಬೆಂಚಿಗೆ ಹೋಗಿ ಕೂತರು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು.