ಹಿತ್ತಲ ತಳ್ಳುಗಾಡಿ

ಐವತ್ತು ವರ್ಷದ ಹಿಂದೆ ಡೆನ್ಮಾರ್ಕಿನಿಂದ ಬಂದು, ಲೊರೆಶೋ ಎಂಬ ಊರಲ್ಲಿ ಪೊದೆ ಕಡಿದು ಹಸು ಕಟ್ಟಿದವಳು ಬೋದಿಲ್. ತನ್ನೂರಿನ ಪದ್ಧತಿಯಂತೆ ಮೊಮ್ಮಗಳನ್ನೂ ಮಧ್ಯಾಹ್ನ ಹಿತ್ತಲಲ್ಲಿ, ಮಕ್ಕಳ ತಳ್ಳುಗಾಡಿಯಲ್ಲೇ ಮಲಗಿಸುತ್ತಿದ್ದಳು.

“ಅತ್ತೆ, ಮಗು ಏನು ಒಣಗಿಸೋ ಹಪ್ಪಳಾನಾ?” ಮೈಸೂರಿನ ಸೊಸೆ ಹಂಸಾ ಅಂದೂ ರೇಗಿದಳು.

ಅಷ್ಟರಲ್ಲಿ ಮುಂಬಾಗಿಲು ಒಡೆದು ಮೂವರು ಮಚ್ಚು ಹಿಡಿದು ನುಗ್ಗಿದರು. ಹಂಸಾಳ ಬಾಯಿಗೆ ಬಟ್ಟೆ ತುರುಕಿ ಕಟ್ಟಿಹಾಕಿದರು.

“ಹೇಳೇ ಮುದುಕಿ, ಇನ್ಯಾರಿದ್ದಾರೆ?”

“ಯಾರೂ ಇಲ್ಲ.”

ಮಚ್ಚಿನ ಹಿಡಿಯಿಂದ ಹಲ್ಲು ಮುರಿದರು, ಅಲಗಿನಿಂದ ಮುಂಗೈ ಸೀಳಿದರು. ಬೋದಿಲ್ ತುಟಿಪಿಟಕ್ಕೆನ್ನಲಿಲ್ಲ.

ಆಗ ಹಿತ್ತಲಿನಿಂದ ಸಣ್ಣಗೆ ಅಳು ಕೇಳಿತು. ಅದು ಅವರ ಕಿವಿಗೆ ಬೀಳುವ ಮೊದಲೇ ಮುದುಕಿ ಸೂರು ಹಾರುವಂತೆ ಅರಚಿದಳು. ಹೊಡೆದಷ್ಟೂ ಅರಚಿದಳು. ಬೀದಿಯಲ್ಲಿ ಜನ ಸೇರಿದ್ದು ಕಂಡು ಕಳ್ಳರು ಓಡಿದರು.

ಅಕ್ಕಪಕ್ಕದವರು ಹಂಸಾಳ ಕಟ್ಟು ಬಿಚ್ಚಿದರು. ಅವಳು ಮಗುವನ್ನು ಎತ್ತಿ ತಂದಾಗಲೂ ಬೋದಿಲ್ ಅರಚುತ್ತಲೇ ಇದ್ದಳು.