ನಾಮ್ ಪೆನ್‌ನಲ್ಲಿ ಊಟಕ್ಕೆ ಮೊದಲು ಸ್ನಾನ

ಈಸ್ಟರ್ ರಜೆಗೆ ಕಾಂಬೋಡಿಯಾ ಎಂದು ಹಟ ಹಿಡಿದವಳು ಮಗಳು. ನಾವಿರುವ ಇಂಗ್ಲೆಂಡಿನ ಡರ್ಬಿಯ ಶಾಲೆಯಲ್ಲಿ ಚರಿತ್ರೆ ಓದುತ್ತಿದ್ದಾಳೆ. ರಾಜಧಾನಿ ನಾಮ್ ಪೆನ್‌ನಲ್ಲಿ ಒಂದು ಕಟ್ಟಡವಿದೆ. ಮೊದಲು ಶಾಲೆಯಾಗಿತ್ತು, ಆಮೇಲೆ ಜನರನ್ನು ಹಿಂಸಿಸಿ ಕೊಂದ ಸೆರೆಮನೆಯಾಯಿತು, ಈಗ ಮ್ಯೂಸಿಯಂ. ಅದನ್ನು ಅವಳು ನೋಡಲೇಬೇಕಿತ್ತು. ನನ್ನ ಚಿಂತೆಯೇ ಬೇರೆ. ಮನಸ್ಸಿಗೆ ಏನಾದರೂ ತಾಗಿದರೆ ಈ ಹುಡುಗಿ ಎರಡು ದಿನ ತಟ್ಟೆ ಮುಟ್ಟುವುದಿಲ್ಲ.

ಹಾಗಾಗಿ ಆ ಬೆಳಿಗ್ಗೆ ಮನೆಯಿಂದ ತಂದಿದ್ದ ಅವಲಕ್ಕಿಯನ್ನು ಹೋಟೆಲಿನ ಕೆಟಲ್ ನೀರಿನಲ್ಲಿ ನೆನೆಸಿ, ಚಟ್ನಿಪುಡಿ ಕಲಸಿ ಅಪ್ಪ-ಮಗಳಿಬ್ಬರಿಗೂ ಹೊಟ್ಟೆತುಂಬ ತಿನ್ನಿಸಿದೆ.

"ಅಲ್ಲಿಂದ ಬಂದ್ಮೇಲೆ ತಲೆಗೆ ಸ್ನಾನ ಮಾಡ್ಕೊಂಡೇ ಊಟ," ಎಂದೆ. ಸಾವಿನ ಮನೆಗೆ ಹೋಗಿ ಬಂದರೆ ನಮ್ಮಲ್ಲಿ ಹಾಗೇ.

"ಅಮ್ಮಾ, ಇಟ್ಸ್ ಎ ಮ್ಯೂಸಿಯಂ!"

"ಸುಮ್ನಿರು," ಎಂದರು ಇವರು. "ಒಂದ್ಸಲ ಡರ್ಬೀಲಿ ಫ್ಯೂನರಲ್‌ಗೆ ಹೋಗಿ ಬಂದಾಗ ನಿಮ್ಮಮ್ಮ ನನ್ನನ್ನ ಗ್ಯಾರೇಜಲ್ಲೇ ನಿಲ್ಸಿ ತಲೆಗೆ ನೀರು ಸುರಿದಿದ್ಲು ಕಣೇ. ಡಿಸೆಂಬರ್‌ನಲ್ಲಿ!"

ಒಳಗೆ ಹೋದ ಮೇಲೆ ಯಾರೂ ನಗಲಿಲ್ಲ. ತರಗತಿಗಳಲ್ಲಿ ಕಬ್ಬಿಣದ ಮಂಚಗಳು, ಗೋಡೆತುಂಬ ಕೈದಿಗಳ ಫೋಟೊಗಳು. ಕಿವಿಯವರೆಗೆ ಕೂದಲು ಕತ್ತರಿಸಿದ ಒಬ್ಬ ಹುಡುಗಿಯ ಫೋಟೊ ಮುಂದೆ ಮಗಳು ತುಂಬ ಹೊತ್ತು ನಿಂತಳು. ಅಂಗಳದ ದೇವಕಣಗಿಲೆ ಮರ ಮಾತ್ರ ಮೈತುಂಬ ಹೂಬಿಟ್ಟಿತ್ತು.

ಹೊರಗೆ ಬಂದು ಟುಕ್‌ಟುಕ್ ಹತ್ತಿದೆವು. "ನೂಡಲ್ಸ್ ತಿಂದು ಅರಮನೆ ನೋಡೋಣ್ವಾ?" ಇವರು ಮೆಲ್ಲಗೆ ಕೇಳಿದರು. ಮಗಳು ಬೇಡವೆಂದು ತಲೆಯಾಡಿಸಿದಳು. ಹೆದರಿದಂತೆಯೇ ಆಯಿತಲ್ಲ ಎಂದುಕೊಂಡೆ.

"ಫಸ್ಟ್ ಸ್ನಾನ," ಎಂದಳು.

ಆಗ ನೆನಪಾಯಿತು. ಸಂಜೆಯ ಬಸ್ಸಿಗೆ ಹೊರಡಬೇಕೆಂದು ಬೆಳಿಗ್ಗೆಯೇ ರೂಮ್ ಖಾಲಿ ಮಾಡಿದ್ದೆವು! ಸ್ನಾನದ ಕಾನೂನು ಹೇಳಿದ ನನಗೇ ಅದು ಹೊಳೆದಿರಲಿಲ್ಲ.

"ರೀ, ಈಗೇನ್ಮಾಡೋದು?"

"ಇಲ್ಲಿ ಗ್ಯಾರೇಜೂ ಇಲ್ವಲ್ಲೇ."

ಹೋಟೆಲಿಗೇ ಹಿಂತಿರುಗಿ, ಕೌಂಟರಿನಲ್ಲಿದ್ದ ಹೆಂಗಸಿಗೆ ಸಂಕೋಚದಿಂದಲೇ ವಿಷಯ ಹೇಳಿದೆ. ಎಲ್ಲಿಂದ ಬಂದೆವೆಂದು ತಿಳಿದ ಮೇಲೆ ಆಕೆ ಮತ್ತೇನೂ ಕೇಳಲಿಲ್ಲ. ಈಜುಕೊಳದ ಪಕ್ಕದ ಶವರ್ ತೋರಿಸಿ ಮೂರು ಟವೆಲ್ ತಂದುಕೊಟ್ಟರು. ಸಾವಿನ ಮನೆಯಿಂದ ಬಂದವರಿಗೆಂದು ಅವರ ಅಜ್ಜಿಯೂ ಹೀಗೇ ಬಾಗಿಲಲ್ಲಿ ನೀರಿಟ್ಟಿರುತ್ತಿದ್ದರಂತೆ.

ಉಟ್ಟ ಬಟ್ಟೆಯಲ್ಲೇ ಒಬ್ಬೊಬ್ಬರಾಗಿ ನಿಂತೆವು. ಬಿಸಿಲು ಕಾಯಿಸುತ್ತ ಮಲಗಿದ್ದ ಒಬ್ಬರು ಕನ್ನಡಕ ಎತ್ತಿ ನೋಡಿದರು. ಇವರು ಕೈಕಾಲು ತೊಳೆದು ಜಾರಿಕೊಳ್ಳುತ್ತಿದ್ದಾಗ ಮಗಳು ಹಿಡಿದು ನೀರಿನಡಿಗೆ ನೂಕಿದಳು.

"ಅಪ್ಪಾ, ತಲೆಗೆ! ಅಮ್ಮ ಹೇಳಿದ್ಲಲ್ಲ, ನೋ ಚೀಟಿಂಗ್!"

ಇವರು ಚೀರಿದ ರೀತಿಗೆ ಅವಳಿಗೆ ನಗು ಬಂತು. ನನಗೆ ಹೋದ ಜೀವ ಬಂದಂತಾಯಿತು.

ಬಟ್ಟೆ ಬದಲಿಸಿ ಹೋದ ನೂಡಲ್ಸ್ ಅಂಗಡಿಯಲ್ಲಿ ಒದ್ದೆ ಕೂದಲಲ್ಲೇ ಕೂತು ಅವಳು ತನ್ನ ಬಟ್ಟಲು ಮುಗಿಸಿ ನನ್ನದಕ್ಕೆ ಕೈಹಾಕಿದಳು.

"ಆ ಹುಡುಗಿಗೂ ನನ್ ವಯಸ್ಸೇ ಇರ್ಬೇಕಮ್ಮಾ."

"ಹ್ಞೂಂ, ಇರ್ಬೇಕು."

ಅವಳ ಮನೆಯಲ್ಲಿ ಯಾರ್ಯಾರಿದ್ದರೋ, ಯಾವ ಪಾಠ ಇಷ್ಟವಿತ್ತೋ ಎಂದು ಮಗಳು ಮಾತಾಡುತ್ತಲೇ ಇದ್ದಳು, ತಿನ್ನುತ್ತಲೂ ಇದ್ದಳು. ನಾನು ಇನ್ನೊಂದು ಬಟ್ಟಲು ತರಲು ಹೇಳಿದೆ.