ಮ್ಯಾನೇಜರರ ಮನೆಯ ಬೋಟಿ

ಸಿಡ್ನಿಯ ಎಪ್ಪಿಂಗ್‌ನಲ್ಲಿ ಬಾಡಿಗೆಗಿದ್ದಾಗ ಒಮ್ಮೆ ಕುರಿ ಬೋಟಿ ಮಾಡಿದ್ದೆ. ಕರುಳು, ಹೊಟ್ಟೆಚೀಲಕ್ಕೆ ಸುಣ್ಣ ಹಚ್ಚಿ, ಬಿಸಿನೀರಿನಲ್ಲಿ ಐದು ಸಲ ತೊಳೆದು, ಹುಬ್ಬಳ್ಳಿಯಲ್ಲಿ ಅವ್ವ ಮಾಡುತ್ತಿದ್ದ ಹಾಗೆಯೇ. ನಮ್ಮ ಮನೆಯವರು ಪಾತ್ರೆ ಎತ್ತಿಕೊಂಡು ಹೋಗಿ ಕೆಳಗಿನ ಬಿನ್‌ಗೆ ಸುರಿದು ಬಂದರು.

"ಬಾಜೂದವ್ರು ಏನಂತಾರ? ಇನ್ಮ್ಯಾಲೆ ಈ ಹೊಲಸು ಮನ್ಯಾಗ ಬ್ಯಾಡ."

ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಸ್ವಂತ ಮನೆಯಾದ ಮೇಲೂ ಆ ಕಾನೂನು ಸಡಿಲಾಗಲಿಲ್ಲ. ಮನೆ ಸ್ವಂತದ್ದು, ಒಲೆ ಮಾತ್ರ ಬಾಜೂದವರದ್ದು.

ಒಂದು ಜನವರಿಯಲ್ಲಿ ನಮ್ಮ ಮನೆಯವರ ಆಫೀಸಿನ ಮ್ಯಾನೇಜರ್ ನಮ್ಮನ್ನೂ ಮಗಳನ್ನೂ ಊಟಕ್ಕೆ ಕರೆದರು. ಸ್ಕಾಟ್ಲೆಂಡ್ ಮೂಲದವರು, ತಮ್ಮ ನಾಡಿನ ಕವಿಯೊಬ್ಬನ ಹುಟ್ಟುಹಬ್ಬವಂತೆ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಅವರು ತಮ್ಮ ನಾಡಿನ ಗಂಡಸರು ತೊಡುವ ದಪ್ಪ ಉಣ್ಣೆಯ ಲಂಗ ತೊಟ್ಟು ಬೆವರುತ್ತಿದ್ದರು. ಚೀಲ ಒತ್ತಿ ಊದುವ ಬ್ಯಾಗ್‌ಪೈಪ್ ಕಿರುಚಿತು. ಎಲ್ಲರೂ ಎದ್ದು ನಿಂತರು. ಮದುವೆ ದಿಬ್ಬಣದ ಹಾಗೆ ತಟ್ಟೆಯೊಂದು ಬಂತು. ಅದರಲ್ಲಿ ಬೂದುಬಣ್ಣದ, ಉಬ್ಬಿದ ಗಂಟು. ಹ್ಯಾಗಿಸ್ ಅಂತೆ. ಮ್ಯಾನೇಜರ್ ಅದರ ಮುಂದೆ ಕೈ ಬೀಸಿ ಪದ್ಯ ಹೇಳಿ, ಚಾಕು ಎತ್ತಿ ಇರಿದರು. ಚಪ್ಪಾಳೆ, ವಿಸ್ಕಿ.

ಒಳಗೇನಿದೆ ಎಂದು ಅವರ ಹೆಂಡತಿಯನ್ನು ಕೇಳಿದೆ. ಕುರಿಯ ಗುಂಡಿಗೆ, ಲಿವರ್, ಓಟ್ಸ್. ಎಲ್ಲ ಕುರಿಯ ಹೊಟ್ಟೆಚೀಲದಲ್ಲಿ ತುಂಬಿ ಬೇಯಿಸಿದ್ದು. ಉಪ್ಪು, ಮೆಣಸು ಬಿಟ್ಟರೆ ನಾಲಿಗೆಗೆ ಬೇರೆ ಸುದ್ದಿಯಿಲ್ಲ. ಜೊತೆಗೆ ಹಿಸುಕಿದ ಆಲೂಗಡ್ಡೆ, ಹಿಸುಕಿದ ಟರ್ನಿಪ್: ಹಲ್ಲಿಲ್ಲದವರ ಊಟ. ನಮ್ಮ ಮನೆಯವರು "ವೆರಿ ನೈಸ್, ವೆರಿ ನೈಸ್" ಎನ್ನುತ್ತ ಎರಡನೇ ಸಲ ಹಾಕಿಸಿಕೊಂಡರು.

ವಾಪಸು ಬರುವಾಗ ಕಾರಿನಲ್ಲಿ ಹಿಂದೆ ಕುಳಿತ ಮಗಳಿಗೆ ತಡೆಯಲಾಗಲಿಲ್ಲ. "ಡ್ಯಾಡಿ, ದಟ್ ವಾಸ್ ಬೋಟಿ!"

"ಅದು ಬ್ಯಾರೆ. ಅವರ ಕಲ್ಚರ್ ಅದು."

"ನಮ್ದೇನ್ರಿ ಮತ್ತ, ರೋಗೇನು?" ಎಂದೆ. ಇವರು ಸಿಗ್ನಲ್ ಹಸಿರಾಗಿದ್ದರೂ ಸಿಗ್ನಲನ್ನೇ ನೋಡುತ್ತಿದ್ದರು.

ಮುಂದಿನ ಶನಿವಾರ ಡ್ಯಾಂಡೆನಾಂಗ್‌ನ ಮಾಂಸದಂಗಡಿಯಿಂದ ಬೋಟಿ ತಂದೆ. ಐದು ಸಲ ತೊಳೆದೆ. ಎಲ್ಲ ಕಿಟಕಿ ತೆರೆದೇ ಒಗ್ಗರಣೆ ಹಾಕಿದೆ. ಬಾಜೂದವರಿಗೂ ತಿಳಿಯಲಿ.

"ಏನ ವಾಸ್ನಿ ಇದು?" ಎನ್ನುತ್ತ ಇವರು ಬಂದು ಕುಳಿತರು.

"ನಮ್ಮ ಕಲ್ಚರ್ರು. ಎದ್ದು ನಿಂದರ್ರಿ."

ಮಗಳು ಚಮಚದಿಂದ ತಟ್ಟೆ ಬಡಿಯುತ್ತ ಮುಂದೆ ಬಂದಳು, ನಾನು ಪಾತ್ರೆ ಹಿಡಿದು ಹಿಂದೆ. ಇವರು ಒಮ್ಮೆ ಕಿಟಕಿ ನೋಡಿದರು, ಒಮ್ಮೆ ಬಿನ್. ಎದ್ದು ನಿಲ್ಲಲಿಲ್ಲ. ಆದರೆ ಪಾತ್ರೆಯನ್ನೂ ಎತ್ತಲಿಲ್ಲ. ರೊಟ್ಟಿ ಮುರಿದರು, ಎರಡನೇ ಸಲವೂ ಹಾಕಿಸಿಕೊಂಡರು.

"ಉಪ್ಪು ಸ್ವಲ್ಪ ಕಡಿಮಿ ಆಗೇದ," ಎಂದರು.

ವೆರಿ ನೈಸ್ ಎಲ್ಲ ಮ್ಯಾನೇಜರರ ಮನೆಯಲ್ಲೇ ಖರ್ಚಾಗಿತ್ತು.